ಬಿಸಿಲು ಪುಕ್ಕಟೆ, ಪಂಪು ಸಾಲದ್ದು

ಸೌರ ಪಂಪ್‌ಸೆಟ್ಟಿನ ಮಾತು ನಮ್ಮ ಕಡೆ ಸಬ್ಸಿಡಿಯ ಶೇಕಡಾವಾರಿನಲ್ಲಿ ಶುರುವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಪಿಎಂ-ಕುಸುಮ್ ಯೋಜನೆಯನ್ನು ತಂದಾಗ, ಗ್ರಿಡ್‌ಗೆ ಜೋಡಿಸದ ಬಿಡಿ ಸೌರ ಪಂಪುಗಳಿಗೆ ಸಂಬಂಧಿಸಿದ ಅದರ 'ಬಿ' ಘಟಕದಲ್ಲಿ ಕೇಂದ್ರದ ಪಾಲು ಶೇ 30, ರಾಜ್ಯದ್ದು ಶೇ 30, ಉಳಿದ ಶೇ 40 ರೈತನದು ಎಂದು ಹಂಚಿಕೆ ಮಾಡಿತ್ತು. ರೈತ ತನ್ನ ಪಾಲಿನ ಶೇ 40ರಲ್ಲಿ ಪಂಪಿನ ಬೆಲೆಯ ಶೇ 30ರಷ್ಟನ್ನು ಬ್ಯಾಂಕಿನಿಂದ ಸಾಲವಾಗಿ ಪಡೆಯಬಹುದು, ಹೀಗಾಗಿ ಅವನು ಕೈಯಿಂದ ಹಾಕಬೇಕಾದದ್ದು ಶೇ 10 ಮಾತ್ರ ಎಂಬುದು ಆಗಿನ ಲೆಕ್ಕಾಚಾರ. ಕರ್ನಾಟಕ ಸರ್ಕಾರ ಆಮೇಲೆ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದ್ದರಿಂದ ರೈತನ ಪಾಲು ಶೇ 20ಕ್ಕೆ ಇಳಿಯಿತು. ಕಾಗದದ ಮೇಲೆ ಇದು ನಿಜಕ್ಕೂ ಉದಾರವಾದ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಮೂರು ಎಕರೆಯ ರೈತನೊಬ್ಬ ಈ ಯೋಜನೆಯ ಒಳಗೆ ಬರುತ್ತಾನೋ ಹೊರಗೇ ನಿಲ್ಲುತ್ತಾನೋ ಎಂಬುದನ್ನು ಶೇಕಡಾವಾರು ತೀರ್ಮಾನಿಸುವುದಿಲ್ಲ ಎಂಬುದು ನನಗೆ ವರ್ಷಗಳಿಂದ ಕಾಣುತ್ತಿರುವ ಸಂಗತಿ.

ಮೂರೂವರೆ ಲಕ್ಷ ರೂಪಾಯಿಯ ಪಂಪು ಎಂದಿಟ್ಟುಕೊಳ್ಳಿ. ಶೇ 20 ಎಂದರೆ 70 ಸಾವಿರ. ತುಮಕೂರು ಜಿಲ್ಲೆಯ ಒಣಭೂಮಿಯ ಕುಟುಂಬಗಳಲ್ಲಿ 70 ಸಾವಿರ ಕಂಡೇ ಇಲ್ಲದ ಮೊತ್ತವೇನಲ್ಲ. ಮದುವೆಗೆ, ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ ಅದಕ್ಕಿಂತ ಹೆಚ್ಚನ್ನು ಹೊಂದಿಸಿದವರೇ ಎಲ್ಲರೂ. ಆದರೆ ಆ ಹಣ ಯಾವ ತಿಂಗಳಲ್ಲಿ ಬೇಕು ಎಂಬುದು ಮುಖ್ಯ. ರಾಗಿ, ಕಡಲೆಕಾಯಿ ಮನೆಗೆ ಬಂದು ಸಂಕ್ರಾಂತಿಯ ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಆಷಾಢ, ಶ್ರಾವಣದಲ್ಲಿ ಬೀಜ, ಗೊಬ್ಬರ, ಕೂಲಿ ಎಂದು ಇದ್ದಬದ್ದದ್ದೆಲ್ಲ ನೆಲಕ್ಕೆ ಬಿದ್ದಿರುತ್ತದೆ. ಅರ್ಜಿ ಮಂಜೂರಾಗಿ, ವಂತಿಗೆ ಕಟ್ಟಿ ಎಂಬ ಸಂದೇಶ ಫೋನಿಗೆ ಬರುವುದಕ್ಕೂ ಈ ಪಂಚಾಂಗಕ್ಕೂ ಸಂಬಂಧವಿಲ್ಲ. ಅದು ಆಷಾಢದಲ್ಲಿ ಬಂದರೆ ರೈತನ ಮುಂದಿರುವ ದಾರಿ ಊರಿನಲ್ಲಿ ನೂರಕ್ಕೆ ಮೂರರ ಬಡ್ಡಿಗೆ ಸಿಗುವ ಹಣ. ಎಪ್ಪತ್ತು ಸಾವಿರಕ್ಕೆ ತಿಂಗಳಿಗೆ 2,100 ರೂಪಾಯಿ, ವರ್ಷಕ್ಕೆ 25,200 ರೂಪಾಯಿ ಬರೀ ಬಡ್ಡಿ, ಅಸಲು ಹಾಗೆಯೇ ಕೂತಿರುತ್ತದೆ. ಅದೇ ಮೊತ್ತಕ್ಕೆ ಬ್ಯಾಂಕಿನಲ್ಲಿ ಶೇ 10.5ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಸಿಕ್ಕಿದ್ದರೆ ವರ್ಷಕ್ಕೆ 18,700 ರೂಪಾಯಿಯ ಆಸುಪಾಸಿನಲ್ಲಿ ಅಸಲು ಬಡ್ಡಿ ಎರಡೂ ತೀರುತ್ತಿದ್ದವು. ಸರ್ಕಾರ ಕೊಟ್ಟ ಸಬ್ಸಿಡಿಯ ಒಂದು ಭಾಗ ಹೀಗೆ ಊರಿನ ಲೇವಾದೇವಿಯವನ ಮನೆಗೆ ಹೋಗುತ್ತದೆ.

ಹಾಗಿದ್ದರೆ ಬ್ಯಾಂಕಿಗೆ ಏಕೆ ಹೋಗುವುದಿಲ್ಲ ಎಂದು ಪಟ್ಟಣದ ಗೆಳೆಯರು ಕೇಳುತ್ತಾರೆ. ಹೋಗುತ್ತಾರೆ. ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕಾದವನು, ಹೋಗಿದ್ದ. ಜೊತೆಯಲ್ಲಿ ನಾನೂ ಇದ್ದೆ. ಸಾಲದ ವಿಭಾಗದ ಅಧಿಕಾರಿ ಒಳ್ಳೆಯ ಮನುಷ್ಯರೇ. ಪಹಣಿಯನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ತುದಿಯನ್ನು ಮಾಲೀಕರ ಹೆಸರಿರುವ 9ನೇ ಕಾಲಂನ ಮೇಲಿಟ್ಟು ಹೆಸರುಗಳನ್ನು ಒಂದೊಂದಾಗಿ ಓದಿದರು. ತೀರಿಹೋಗಿ ಬಹಳ ವರ್ಷವಾದ ಅಜ್ಜನ ಹೆಸರು ಮೊದಲು, ಅದರ ಕೆಳಗೆ ಇಬ್ಬರು ಚಿಕ್ಕಪ್ಪಂದಿರು, ಕೊನೆಯಲ್ಲಿ ದೊಡ್ಡಪ್ಪ. ಅಣ್ಣನ ಹೆಸರೇ ಇರಲಿಲ್ಲ. ಪೆನ್ನು ಅಲ್ಲಿಂದ 11ನೇ ಕಾಲಂಗೆ ಸರಿಯಿತು. ಅಲ್ಲಿ ಊರಿನ ವ್ಯವಸಾಯ ಸೇವಾ ಸಹಕಾರ ಸಂಘದ ಬೆಳೆಸಾಲದ ಋಣ ಆಗಲೇ ದಾಖಲಾಗಿತ್ತು. "ಯಜಮಾನ್ರೇ, ಪೌತಿ ಖಾತೆ ಮಾಡಿಸಿ, ಪೋಡಿ ಆಗಿ ಜಮೀನು ನಿಮ್ಮ ಹೆಸರಿಗೆ ಬರಲಿ, ಆಮೇಲೆ ನೋಡೋಣ" ಎಂದರು. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು, ಜಂಟಿ ಜಮೀನು ಅಳತೆಯಾಗಿ ಬೇರೆಬೇರೆಯಾಗಬೇಕು ಎಂದರ್ಥ. ಅಣ್ಣ "ಆಗ್ಲಿ ಸಾರ್" ಎಂದು ಪಹಣಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. ಆ ಹೊಲವನ್ನು ಅವನೊಬ್ಬನೇ ಉಳುತ್ತಿದ್ದಾನೆ ಎಂಬುದು ಇಡೀ ಊರಿಗೆ ಗೊತ್ತು. ಆದರೆ ಊರಿಗೆ ಗೊತ್ತಿರುವುದಕ್ಕೆ ಅಡಮಾನದ ಬೆಲೆಯಿಲ್ಲ.

ಇದು ಒಂದು ಮನೆಯ ಕಥೆಯಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.36 ಹೆಕ್ಟೇರ್. ಜಂಟಿ ಪಹಣಿಗಳಲ್ಲಿ ಹೆಸರುಗಳು ಸಾಲುಗಟ್ಟಿ ನಿಂತಿವೆ, ಪೋಡಿ ದುರಸ್ತಿಗೆ ಸರ್ವೆಯರ್‌ಗಾಗಿ ಕಾಯಬೇಕು, ಅಣ್ಣತಮ್ಮಂದಿರ ನಡುವೆ ಸಹಿಗೆ ಹೋದರೆ ಹಳೆಯ ವ್ಯಾಜ್ಯಗಳೆಲ್ಲ ಎದ್ದು ಕೂರುತ್ತವೆ. ರಾಷ್ಟ್ರೀಕೃತ ಬ್ಯಾಂಕುಗಳಿಗೆ ಸೌರ ಪಂಪಿನ ಸಾಲ ಕೊಡಲು ಕಾರಣಗಳಿಲ್ಲ ಎಂದಲ್ಲ. ರಿಸರ್ವ್ ಬ್ಯಾಂಕು 2020ರಲ್ಲಿ ಗ್ರಿಡ್‌ಗೆ ಜೋಡಿಸಿದ ಕೃಷಿ ಪಂಪುಗಳ ಸೌರೀಕರಣಕ್ಕೆ ನೀಡುವ ಸಾಲವನ್ನೂ ಆದ್ಯತಾ ವಲಯಕ್ಕೆ ಸೇರಿಸಿತು. ಆದರೆ ಆದ್ಯತೆ ಎಂಬುದು ಬ್ಯಾಂಕಿನ ವಾರ್ಷಿಕ ಗುರಿಗೆ ಸಂಬಂಧಿಸಿದ ಮಾತು, ಮೇಜಿನ ಮೇಲಿರುವ ಪಹಣಿಗೆ ಸಂಬಂಧಿಸಿದ್ದಲ್ಲ.

ಸಹಕಾರಿ ವಲಯದ ಬಾಗಿಲು ಇದಕ್ಕಿಂತ ಸ್ವಲ್ಪ ಅಗಲವಾಗಿದೆ. 2023ರ ಜುಲೈನಲ್ಲಿ ಮಂಡಿಸಿದ ರಾಜ್ಯ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೂ, ಶೇ 3ರ ಬಡ್ಡಿಯ ಮಧ್ಯಮಾವಧಿ ಹಾಗೂ ದೀರ್ಘಾವಧಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೂ ಏರಿಸಲಾಯಿತು. ಶೇ 3ರ ಲೆಕ್ಕದಲ್ಲಿ ಎಪ್ಪತ್ತು ಸಾವಿರ ಐದು ವರ್ಷಕ್ಕೆ ವಾರ್ಷಿಕ 15,300 ರೂಪಾಯಿಯಷ್ಟು ಕಂತಾಗುತ್ತದೆ. ಊರಿನ ಕೈಸಾಲಕ್ಕೆ ವರ್ಷಕ್ಕೆ ಕಟ್ಟುವ ಬರೀ ಬಡ್ಡಿಗಿಂತಲೂ ಇದು ಬಹಳ ಕಡಿಮೆ. ಬಾವಿ ತೋಡಲು, ಮೋಟಾರು ಕೂರಿಸಲು, ಪೈಪ್‌ಲೈನ್ ಎಳೆಯಲು ತಲೆಮಾರುಗಳಿಂದ ಸಾಲ ಕೊಟ್ಟು ಅನುಭವವಿರುವುದು ಕೃಷಿಗೆ ದೀರ್ಘಾವಧಿ ಸಾಲ ಕೊಡುವ ಸಹಕಾರಿ ಬ್ಯಾಂಕುಗಳಾದ ಪಿಎಲ್‌ಡಿ ಬ್ಯಾಂಕುಗಳಿಗೆ. ಅವುಗಳ ಸುಸ್ತಿ ಸಾಲದ ಪಟ್ಟಿ ಉದ್ದವಾಗಿರುವುದೂ ನಿಜ, ಚುನಾವಣೆಯ ಹೊತ್ತಿಗೆ ಸಾಲ ಮನ್ನಾದ ನಿರೀಕ್ಷೆ ಅವುಗಳ ವಸೂಲಿಯನ್ನು ಕುಂಠಿತಗೊಳಿಸುವುದೂ ನಿಜ. ಆದರೂ ಕಂತನ್ನು ಸುಗ್ಗಿಗೆ ಕಟ್ಟಿಸಿಕೊಳ್ಳುವ ಪದ್ಧತಿ ಅವುಗಳಿಗೆ ಗೊತ್ತು; ತಿಂಗಳ ಕಂತಿನ ಗೀಳು ಅವುಗಳಿಗಿಲ್ಲ. ಸಂಬಳದವರಿಗಾಗಿ ರೂಪಿಸಿದ ಇಎಂಐ ಎಂಬ ವ್ಯವಸ್ಥೆಯನ್ನು ವರ್ಷಕ್ಕೆರಡು ಬಾರಿ ಮಾತ್ರ ದುಡ್ಡು ಕಾಣುವವರ ಮೇಲೆ ಹೇರುವುದು ಸಾಲ ಕೊಡುವವನ ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಾಲ ಸಿಗುವ ಬಗೆ. ತೀರಿಸುವ ಬಗೆ ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಕರ್ನಾಟಕದಲ್ಲಿ ಸೌರ ಪಂಪಿನ ಸಾಲಕ್ಕೆ ದೊಡ್ಡದೊಂದು ತೊಡಕಿದೆ. ಡೀಸೆಲ್ ಎಂಜಿನ್ನಿನಿಂದ ನೀರೆತ್ತುವ ಬಿಹಾರದ ರೈತನನ್ನು ನೋಡಿ. ಅವನಿಗೆ ಸೌರ ಪಂಪು ಬಂದ ದಿನದಿಂದಲೇ ಡೀಸೆಲ್ಲಿನ ಹಣ ಉಳಿಯುತ್ತದೆ, ಉಳಿದ ಆ ಹಣವೇ ಸಾಲದ ಕಂತು. ನಮ್ಮಲ್ಲಿ 2008ರಿಂದ 10 ಎಚ್‌ಪಿವರೆಗಿನ ಐಪಿ ಸೆಟ್ಟುಗಳಿಗೆ, ಎಂದರೆ ನೀರಾವರಿ ಪಂಪುಗಳಿಗೆ, ಕರೆಂಟು ಉಚಿತ. ಬಿಲ್ಲೇ ಇಲ್ಲದವನಿಗೆ ಸೌರ ಪಂಪಿನಿಂದ ಉಳಿಯುವುದೇನು? ನಿದ್ದೆ ಉಳಿಯುತ್ತದೆ; ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತೆಂದು ಟಾರ್ಚು ಹಿಡಿದು ಹಾವು ಚೇಳುಗಳ ನಡುವೆ ಸ್ಟಾರ್ಟರ್ ಒತ್ತಲು ಹೋಗುವ ಪಾಡು ತಪ್ಪುತ್ತದೆ. ವೋಲ್ಟೇಜು ಏರುಪೇರಾಗಿ ಮೋಟಾರು ಸುಡುವುದು, ವೈಂಡಿಂಗ್ ಮಾಡಿಸುವುದು, ಟ್ರಾನ್ಸ್‌ಫಾರ್ಮರ್ ಕೆಟ್ಟು ವಾರಗಟ್ಟಲೆ ಬೆಳೆ ಒಣಗುವುದು ಕಡಿಮೆಯಾಗುತ್ತದೆ. ಇವೆಲ್ಲ ದೊಡ್ಡ ಲಾಭಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ಕಂತು ಕಟ್ಟುವ ದಿನ ಜೇಬಿನಲ್ಲಿ ಕಾಣುವ ಲಾಭಗಳಲ್ಲ.

ಹಾಗಾಗಿ ನಮ್ಮ ರೈತ ಈ ಸಾಲವನ್ನು ತೀರಿಸಬೇಕಾದದ್ದು ಉಳಿತಾಯದಿಂದಲ್ಲ, ಹೆಚ್ಚುವರಿ ಬೆಳೆಯಿಂದ. ರಾಗಿಯ ಜೊತೆಗೆ ಬೇಸಿಗೆಯಲ್ಲಿ ಅರ್ಧ ಎಕರೆ ಟೊಮೆಟೊ, ಒಂದಿಷ್ಟು ಸೇವಂತಿಗೆ, ಹಸುಗಳಿಗೆ ಹಸಿ ಮೇವು. ಎಂದರೆ ಹೆಸರಿಗೆ ಇದು ಪಂಪಿನ ಸಾಲವಾದರೂ ಅದರ ಹಣೆಬರಹ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿಗೆ ಎಷ್ಟು ಕೂಗುತ್ತಾರೆ ಎಂಬುದರಲ್ಲಿದೆ, ಡೇರಿಯಲ್ಲಿ ಹಾಲಿಗೆ ಸಿಗುವ ದರದಲ್ಲಿದೆ. ಪಂಪಿಗೆ ಮಾತ್ರ ಸಾಲ ಕೊಟ್ಟು, ಹನಿ ನೀರಾವರಿಗೂ ಸಸಿಗೂ ಮೊದಲ ಬೆಳೆಯ ಖರ್ಚಿಗೂ ರೈತ ಮತ್ತೆ ಕೈಸಾಲಕ್ಕೆ ಹೋಗುವಂತೆ ಬಿಡುವ ಬ್ಯಾಂಕು ತನ್ನ ಕಂತಿನ ಮೂಲವನ್ನು ತಾನೇ ಕತ್ತರಿಸಿಕೊಂಡಂತೆ. ಈ ಯೋಜನೆಯ ಸುತ್ತ ನಡೆಯುವ ಚರ್ಚೆಗಳಲ್ಲಿ ನನಗೆ ಅತ್ಯಂತ ಕಡಿಮೆ ಕೇಳಿಸಿರುವ ಮಾತೂ ಇದೇ, ಅತ್ಯಂತ ಮುಖ್ಯವೆಂದು ತೋರಿರುವ ಮಾತೂ ಇದೇ.

ಬೆಳೆಯ ಕೆಳಗೆ ನೀರಿದೆ, ಅಥವಾ ಇಲ್ಲ. ಸಾವಿರ ಲೀಟರ್ ನೀರನ್ನು ಹತ್ತು ಮೀಟರ್ ಮೇಲೆತ್ತಲು ಬೇಕಾದ ಶಕ್ತಿಯ ಮೂವತ್ತು ಪಟ್ಟು ಶಕ್ತಿ ಅಷ್ಟೇ ನೀರನ್ನು ಮುನ್ನೂರು ಮೀಟರ್ ಆಳದಿಂದ ಎತ್ತಲು ಬೇಕು. 5 ಎಚ್‌ಪಿ ಪಂಪಿಗೆ ಸಾಮಾನ್ಯವಾಗಿ ಕೂರಿಸುವ 4,800 ವ್ಯಾಟ್ ಫಲಕಗಳು ಒಳ್ಳೆಯ ಬಿಸಿಲಿನ ದಿನ ಸುಮಾರು 20 ಯೂನಿಟ್ ಕೊಡುತ್ತವೆ. ಪಂಪಿನ ದಕ್ಷತೆ ಅರ್ಧಕ್ಕಿಂತ ತುಸು ಕಡಿಮೆ ಎಂದು ಹಿಡಿದರೆ, ಮೂವತ್ತು ಮೀಟರ್ ಆಳದಿಂದ ಆ ಶಕ್ತಿ ದಿನಕ್ಕೆ ಲಕ್ಷ ಲೀಟರ್ ನೀರೆತ್ತಬಲ್ಲದು. ಮುನ್ನೂರು ಮೀಟರಿನಿಂದಾದರೆ ಹತ್ತು ಹನ್ನೊಂದು ಸಾವಿರ ಲೀಟರ್. ಬೇಸಿಗೆಯಲ್ಲಿ ಒಂದು ಎಕರೆ ತರಕಾರಿಗೆ ಹನಿ ನೀರಾವರಿಯಲ್ಲೂ ದಿನಕ್ಕೆ ಹದಿನಾರರಿಂದ ಇಪ್ಪತ್ತು ಸಾವಿರ ಲೀಟರ್ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿಯ ಬೋರು ಈಗ ಯಾರಿಗೂ ಆಶ್ಚರ್ಯ ತರುವುದಿಲ್ಲ, ಆದರೆ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ ಸಹಾಯಧನ 7.5 ಎಚ್‌ಪಿವರೆಗಿನ ಲೆಕ್ಕಕ್ಕೆ ಸೀಮಿತ. ಎಲ್ಲಿ ನೀರು ಹತ್ತಿರವಿದೆಯೋ ಅಲ್ಲಿ ಈ ಯೋಜನೆ ಸೊಗಸಾಗಿ ನಡೆಯುತ್ತದೆ. ಎಲ್ಲಿ ರೈತ ಹೆಚ್ಚು ಕಷ್ಟದಲ್ಲಿದ್ದಾನೋ ಅಲ್ಲಿ ಲೆಕ್ಕವೇ ಕೂಡುವುದಿಲ್ಲ. ಅಷ್ಟು ಹಣ ಸುರಿದ ಬೋರು ಮೂರನೇ ಬೇಸಿಗೆಯಲ್ಲಿ ಬತ್ತಿಹೋದರೆ, ಬಿಸಿಲಿನಲ್ಲಿ ಫಲಕಗಳು ಹೊಳೆಯುತ್ತಲೇ ಇರುತ್ತವೆ, ಕಂತೂ ಬರುತ್ತಲೇ ಇರುತ್ತದೆ. ಫಲಕ ಕಳುವಾದರೆ ವಿಮೆಯುಂಟು, ನೀರು ಬತ್ತಿದರೆ ಇಲ್ಲ.

ಅಣ್ಣನ ಹೊಲ ಹತ್ತಿರದ ವಿದ್ಯುತ್ ಲೈನಿನಿಂದಲೂ ಬಹಳ ದೂರದಲ್ಲಿದೆ. ಹೊಸ ಐಪಿ ಸೆಟ್ಟು ಲೈನಿನಿಂದ 500 ಮೀಟರ್ ಒಳಗಿದ್ದರೆ ಕಂಬ, ತಂತಿಯ ಖರ್ಚನ್ನು ರೈತನೇ ಭರಿಸುವ ಶೀಘ್ರ ಸಂಪರ್ಕ ಯೋಜನೆಯಲ್ಲಿ ಕರೆಂಟು, ಅದರಾಚೆ ಇದ್ದರೆ ಸೋಲಾರ್ ಎಂಬುದು ರಾಜ್ಯ ಸರ್ಕಾರ ತಳೆದ ನಿಲುವು. ಲೈನು ಎಳೆಯುವ ಖರ್ಚನ್ನು ನೋಡಿದರೆ ಅದು ತರ್ಕಬದ್ಧವಾದದ್ದೇ. ಆದರೆ ಲೈನಿನ ಪಕ್ಕದ ಹೊಲದವನಿಗೆ ವರ್ಷಗಟ್ಟಲೆ ಉಚಿತ ಕರೆಂಟು, ಅರ್ಧ ಕಿಲೋಮೀಟರ್ ಆಚೆಯವನಿಗೆ ಐದು ವರ್ಷದ ಸಾಲ ಎಂಬ ವ್ಯತ್ಯಾಸವನ್ನು ಹೊಲದಲ್ಲಿ ನಿಂತವನಿಗೆ ತರ್ಕದಿಂದ ಒಪ್ಪಿಸುವುದು ಕಷ್ಟ. "ನಂದೂ ಅದೇ ಊರು, ಅದೇ ರಾಗಿ ಅಲ್ವೇನಪ್ಪ" ಎಂದು ಅಣ್ಣ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಬಿಸಿಲೇ ಸಾಲವನ್ನು ತೀರಿಸುವಂತೆ ಮಾಡಲು ಸಾಧ್ಯವೇ ಎಂಬ ಯೋಚನೆ ಮೊದಲು ಹುಟ್ಟಿದ ಕಡೆಗಳಲ್ಲಿ ನಮ್ಮ ಕನಕಪುರ ತಾಲ್ಲೂಕೂ ಒಂದು. 2014ರ ಸುಮಾರಿಗೆ ಬೆಸ್ಕಾಂ ವ್ಯಾಪ್ತಿಯ ನಲ್ಲಹಳ್ಳಿಯಲ್ಲಿ 'ಸೂರ್ಯ ರೈತ' ಯೋಜನೆ ಆರಂಭವಾಯಿತು. ಪಂಪಿಗೆ ಬೇಕಾದದ್ದಕ್ಕಿಂತ ಹೆಚ್ಚು ಫಲಕಗಳನ್ನು ಹಾಕಿ, ಮಿಕ್ಕ ವಿದ್ಯುತ್ತನ್ನು ಗ್ರಿಡ್‌ಗೆ ಮಾರಿ, ಆ ಹಣದಲ್ಲಿ ಸಾಲ ತೀರಿಸುವುದು ಅದರ ಆಲೋಚನೆ. ಸಬ್ಸಿಡಿ ಪಡೆದವರಿಗೆ ಯೂನಿಟ್ಟಿಗೆ 7.20 ರೂಪಾಯಿ, ಪಡೆಯದವರಿಗೆ 9.56 ರೂಪಾಯಿ ದರ. ಸಾಲ ತೀರುವ ತನಕ ರೈತನ ಕೈಗೆ ಯೂನಿಟ್ಟಿಗೊಂದು ರೂಪಾಯಿ, ಉಳಿದದ್ದು ಸಾಲದ ಖಾತೆಗೆ. ನೀರನ್ನು ಸುಮ್ಮನೆ ಹರಿಯಬಿಟ್ಟರೆ ತನಗೇ ನಷ್ಟ ಎಂಬುದು ರೈತನಿಗೆ ಮನವರಿಕೆಯಾಗುವ ವ್ಯವಸ್ಥೆ ಇದು. ಅಂತರ್ಜಲದ ಮೇಲೆ ಅಧಿಕಾರಿಯ ಕಾವಲಿಗಿಂತ ಇದು ಮೇಲು. ಆದರೆ ಯೋಜನೆ ರಾಜ್ಯದ ತುಂಬ ಹಬ್ಬಲಿಲ್ಲ. ಸೌರ ಫಲಕಗಳ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದ ಕಾಲದಲ್ಲಿ ಅಷ್ಟು ದುಬಾರಿ ದರಕ್ಕೆ ದೀರ್ಘಕಾಲ ಕೊಳ್ಳಲು ಯಾವ ವಿತರಣಾ ಕಂಪನಿಗೂ ಉತ್ಸಾಹ ಇರುವಂತಿರಲಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಇದೇ ಆಲೋಚನೆಗೆ ಸಹಕಾರ ಸಂಘದ ರೂಪ ಸಿಕ್ಕಿತು. ಡೀಸೆಲ್ ಪಂಪು ಬಳಸುತ್ತಿದ್ದ ಆರು ಜನ ರೈತರು ಸೇರಿ ಕಟ್ಟಿದ ಸಂಘ 2016ರಿಂದ ಅಲ್ಲಿನ ವಿತರಣಾ ಕಂಪನಿಗೆ ಯೂನಿಟ್ಟಿಗೆ 4.63 ರೂಪಾಯಿಯಂತೆ 25 ವರ್ಷಗಳ ಒಪ್ಪಂದದ ಮೇಲೆ ವಿದ್ಯುತ್ ಮಾರತೊಡಗಿತು. ಇಂಟರ್‌ನ್ಯಾಷನಲ್ ವಾಟರ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಅದಕ್ಕೆ ಬೆನ್ನೆಲುಬಾಗಿ ನಿಂತು, ಮೇಲೆ ಹಸಿರು ವಿದ್ಯುತ್ತಿಗೂ ಉಳಿಸಿದ ನೀರಿಗೂ ತನ್ನ ಕಡೆಯಿಂದ ಪ್ರೋತ್ಸಾಹಧನ ಕೊಟ್ಟಿತು. 2018ರಲ್ಲಿ ಗುಜರಾತ್ ಸರ್ಕಾರ 'ಸ್ಕೈ' ಎಂದೇ ಪ್ರಸಿದ್ಧವಾದ ಸೂರ್ಯಶಕ್ತಿ ಕಿಸಾನ್ ಯೋಜನೆಯನ್ನು ತಂದಾಗ ರೈತನ ಕೈವಂತಿಗೆ ಶೇ 5 ಮಾತ್ರ, ಶೇ 35 ಸಾಲ, ಉಳಿದದ್ದು ಸಬ್ಸಿಡಿ. ಮೊದಲ ಏಳು ವರ್ಷ ಯೂನಿಟ್ಟಿಗೆ 7 ರೂಪಾಯಿ ಎಂದು ದರ ಗೊತ್ತುಮಾಡಿದ್ದು ಸಾಲ ತೀರುವ ಅವಧಿಯನ್ನು ಕಣ್ಣ ಮುಂದಿಟ್ಟುಕೊಂಡೇ. ಇದು ನನಗೆ ತುಂಬ ಹಿಡಿಸಿದ ಅಂಶ. ಇಲ್ಲಿ ಕಂತು ಟೊಮೆಟೊ ಬೆಲೆಯನ್ನು ನೆಚ್ಚಿಕೊಂಡಿಲ್ಲ. ಮಾರುವುದಕ್ಕೆ ಮಿಕ್ಕುವ ವಿದ್ಯುತ್ತೂ ಅದನ್ನು ಒಯ್ಯುವ ತಂತಿಯೂ ಬೇಕು ಎಂಬ ಷರತ್ತು ಮಾತ್ರ ಇದೆ, ಮತ್ತು ಅಣ್ಣನ ಹೊಲಕ್ಕೆ ಆ ತಂತಿಯೇ ಇಲ್ಲ.

ಈಗ ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಕುಸುಮ್ 'ಸಿ' ಘಟಕದ ಕಡೆಗೆ. ಪಂಪಿನ ಬಳಿ ಫಲಕ ಇಡುವ ಬದಲು ಸಬ್‌ಸ್ಟೇಷನ್ನಿನ ಹತ್ತಿರ ಖಾಸಗಿಯವರು ಬಂಡವಾಳ ಹಾಕಿ ಸೌರ ಸ್ಥಾವರ ಕಟ್ಟುತ್ತಾರೆ, ಅದರ ಫೀಡರಿನ ಪಂಪುಗಳಿಗೆ ಹಗಲು ಹೊತ್ತು ಅಲ್ಲಿಂದ ವಿದ್ಯುತ್ ಬರುತ್ತದೆ. 2025ರಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಮುಖ್ಯಮಂತ್ರಿಗಳು ಇದಕ್ಕೆ ಚಾಲನೆ ಕೊಟ್ಟರು. 30 ಲಕ್ಷಕ್ಕೂ ಮೀರಿದ ಐಪಿ ಸೆಟ್ಟುಗಳ ಉಚಿತ ವಿದ್ಯುತ್ತಿಗಾಗಿ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಸಹಾಯಧನ ಕೊಡುವ ಸರ್ಕಾರಕ್ಕೆ ಇದು ಉಳಿತಾಯದ ದಾರಿ. ರೈತನಿಗೆ ಸಾಲವಿಲ್ಲ, ಹಗಲು ಹೊತ್ತು ಕರೆಂಟು ಸಿಗುತ್ತದೆ. ಅವನ ತಲೆಯ ಮೇಲಿನ ಬಂಡವಾಳದ ಭಾರವನ್ನು ಇಷ್ಟು ಪೂರ್ತಿಯಾಗಿ ಇಳಿಸುವ ಬೇರೆ ವಿಧಾನ ನನಗೆ ಗೊತ್ತಿಲ್ಲ. ಆದರೆ ಅವನು ಇಲ್ಲಿ ಮಾಲೀಕನಲ್ಲ, ಗ್ರಾಹಕ. ನೀರು ಉಳಿಸಿದರೆ ಅವನಿಗೆ ಸಿಗುವುದೇನೂ ಇಲ್ಲ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಸುಮಾರು 13 ಸಾವಿರ ಎಕರೆಯನ್ನು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದಾಗ ಜಮೀನಿದ್ದವರಿಗೆ ಬಾಡಿಗೆಯಾದರೂ ಬಂತು. ಜಮೀನಿಲ್ಲದ ಕೂಲಿಯವರ ಮಾತು ಬೇರೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ತಂತಿಯಿಂದ ದೂರ ಉಳಿದ ಸಣ್ಣ ರೈತನಿಗೆ ಮಾತ್ರ ಸಾಲದ ಪಂಪೇ ಗತಿ. ಅಲ್ಲಿ ಏನಾದರೂ ಸರಿಹೋಗಬೇಕಾದರೆ, ನನ್ನ ತಿಳಿವಳಿಕೆಯಲ್ಲಿ, ಮೊದಲು ಪಂಪಿನ ಗಾತ್ರದ ಹುಚ್ಚು ಇಳಿಯಬೇಕು. ಕೃಷಿ ಹೊಂಡದಲ್ಲಿ ಮಳೆನೀರು ನಿಲ್ಲಿಸಿಕೊಂಡವನಿಗೆ ಒಂದು ಎರಡು ಎಚ್‌ಪಿಯ ಪಂಪು ಸಾಕು. ಎತ್ತರ ಕಡಿಮೆ, ಬೆಲೆ ಕಡಿಮೆ, ಸಾಲ ಕಡಿಮೆ, ಬತ್ತಿತೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. 2014ರಲ್ಲಿ ಶುರುವಾದ ಕೃಷಿಭಾಗ್ಯದ ಹೊಂಡಗಳು ಊರೂರಲ್ಲಿವೆ. ಸೆಲ್ಕೋದಂಥ ಸೌರ ವಿದ್ಯುತ್ ಸಂಸ್ಥೆಗಳು 1990ರ ದಶಕದಿಂದ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಮನೆದೀಪಗಳಿಗೆ ಸಾಲ ಕೊಡಿಸಿದ್ದೂ ಹೀಗೆಯೇ, ಮನೆಗೆಷ್ಟು ದೀಪ ಬೇಕು, ಮನೆಯವರ ಕೈಗೆ ದುಡ್ಡು ಯಾವಾಗ ಬರುತ್ತದೆ ಎಂದು ನೋಡಿಕೊಂಡು. ಪಂಪಿನ ಸಾಲಕ್ಕೂ ಬ್ಯಾಂಕು ಜಮೀನಿನ ಬದಲು ಪಂಪನ್ನೇ ಆಧಾರವಾಗಿಟ್ಟುಕೊಳ್ಳಲಿ, ಊರಿನ ಸ್ವಸಹಾಯ ಸಂಘದ ಜಾಮೀನು ಒಪ್ಪಿಕೊಳ್ಳಲಿ. ಮೊದಲ ಸುಗ್ಗಿಯ ತನಕ ಕಂತು ಕೇಳದೆ ಇರಲಿ. ಪಂಪು ಓಡದ ತಿಂಗಳುಗಳಲ್ಲಿ ಅದೇ ಫಲಕಗಳಿಂದ ಮೇವು ಕತ್ತರಿಸುವ ಯಂತ್ರವನ್ನೋ ಹಿಟ್ಟಿನ ಗಿರಣಿಯನ್ನೋ ಓಡಿಸಬಲ್ಲ ಕಂಟ್ರೋಲರುಗಳು ಬಂದಿವೆ. ವರ್ಷದಲ್ಲಿ ಅರ್ಧಕಾಲ ಸುಮ್ಮನೆ ನಿಲ್ಲುವ ಆಸ್ತಿಯ ಮೇಲೆ ಸಾಲ ಕೊಡುವ ಬದಲು ಸಂಘಕ್ಕೆ ಅಂಥದೊಂದು ಕಂಟ್ರೋಲರನ್ನೂ ಕೊಡಿಸುವುದು ಬ್ಯಾಂಕಿಗೂ ಕ್ಷೇಮ.

ಇನ್ನೊಂದು ಸಣ್ಣ ಸಂಗತಿ ಇದೆ, ಯಾರೂ ಗಮನಿಸುವಂತೆ ಕಾಣುವುದಿಲ್ಲ. ಕುಸುಮ್ ಯೋಜನೆಯಲ್ಲಿ ಪಂಪು ಕೂರಿಸಿದ ಕಂಪನಿ ಅದರ ನಿರ್ವಹಣೆಗೆ ಹೊಣೆಯಾಗಿರುವುದು ಐದು ವರ್ಷ. ಕಂತನ್ನು ಹಗುರ ಮಾಡುವ ಆಸೆಯಿಂದ ಸಾಲವನ್ನು ಏಳು ವರ್ಷಕ್ಕೆ ಹಿಗ್ಗಿಸಿದರೆ, ಕೊನೆಯ ಎರಡು ವರ್ಷ ರೈತ ಕಂತು ಕಟ್ಟುವುದು ಕೆಟ್ಟರೆ ಯಾರೂ ಬಂದು ನೋಡಬೇಕಾಗಿಲ್ಲದ ಪಂಪಿಗೆ. ತಾಲ್ಲೂಕು ಕೇಂದ್ರದಲ್ಲಿ ಮೋಟಾರು ವೈಂಡಿಂಗ್ ಮಾಡುವವರು ಬೇಕಾದಷ್ಟಿದ್ದಾರೆ, ಕಂಟ್ರೋಲರಿನ ಬೋರ್ಡು ಬಿಚ್ಚಿ ರಿಪೇರಿ ಮಾಡುವವರು ಕಾಣುವುದಿಲ್ಲ. ಅಣ್ಣನ ಪೋಡಿ ಮುಗಿದು ಸಾಲದ ಪತ್ರಕ್ಕೆ ಸಹಿ ಹಾಕುವ ದಿನ ಬಂದರೆ, ಬಡ್ಡಿಯ ದರಕ್ಕಿಂತ ಮೊದಲು ಈ ಎರಡು ಅವಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದು ಎಂದು ಅವನಿಗೆ ಹೇಳಿದ್ದೇನೆ.